ಮಕ್ಕಳು ಕಾರು ಕಟ್ಟುವ ಶೆಡ್ಡು ಖಾಲಿ ಮಾಡಿಸಬೇಡಿ: ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರು, ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರು ಮತ್ತು ಆಡಳಿತ ಮಂಡಳಿಗಳ ಸದಸ್ಯರು

ವಿಷಯ: ವಿದ್ಯಾರ್ಥಿಗಳ ರೇಸಿಂಗ್ ಕಾರು ತಂಡಗಳ ವರ್ಕ್‌ಶಾಪು, ಹಳೆಯ ಕಾರು ಮತ್ತು ಡ್ರಾಯಿಂಗುಗಳನ್ನು ಉಳಿಸಿಕೊಡುವ ಬಗ್ಗೆ

ಮಾನ್ಯರೇ,

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಕಂಪ್ಯೂಟರ್ ಪ್ರೋಗ್ರಾಂ ಹಾಕಿ ಲೋಹ ಕೆತ್ತುವ ಮಷಿನ್ನುಗಳಾದ ಎರಡು ವಿಎಂಸಿ, ಒಂದು ಸಿಎನ್‌ಸಿ, ನಮ್ಮ ತಂದೆ ಕೊಂಡಿದ್ದ ಹಳೆಯ ಎಚ್‌ಎಂಟಿ ಲೇತು, ಏಳು ಜನ ಕೆಲಸದವರು. ಪಂಪು, ವಾಲ್ವುಗಳ ಜಾಬ್ ವರ್ಕ್ ಮಾಡಿ ಬದುಕುವವರು ನಾವು. ಅದರ ಜೊತೆಗೆ ಒಂಬತ್ತು ವರ್ಷದಿಂದ ಇನ್ನೊಂದು ಕೆಲಸವೂ ಅಂಟಿಕೊಂಡಿದೆ. ನಿಮ್ಮ ಕಾಲೇಜುಗಳ ಮಕ್ಕಳು ಸ್ಪರ್ಧೆಗೆಂದು ಕಟ್ಟುವ ಒಂಟಿ ಸೀಟಿನ ಫಾರ್ಮುಲಾ ಕಾರುಗಳಿಗೆ ಚಕ್ರ, ಸಸ್ಪೆನ್ಷನ್ನಿನ ಭಾಗಗಳಾದ ಹಬ್ಬು, ಅಪ್‌ರೈಟು, ಬೆಲ್‌ಕ್ರ್ಯಾಂಕುಗಳನ್ನು ಮಾಡಿಕೊಡುತ್ತೇನೆ. ನಾಲ್ಕೈದು ಕಾಲೇಜುಗಳ ತಂಡಗಳು ನಮ್ಮ ಶೆಡ್ಡಿಗೆ ಬಂದು ಹೋಗಿವೆ. ಹೆಸರು ಹೇಳಿ ಯಾರ ಮಾನವನ್ನೂ ಬೀದಿಗೆ ತರುವ ಇಚ್ಛೆ ನನಗಿಲ್ಲ. ಆದರೆ ಕಂಡದ್ದನ್ನು ಹೇಳದೆ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ಕಳೆದ ಜೂನ್‌ನಲ್ಲಿ ನಮ್ಮ ಅಲ್ಯೂಮಿನಿಯಂ ಚೂರಿನ ಮೂಟೆಗಳನ್ನು ಹಾಕಲು ಗುಜರಿ ಅಂಗಡಿಗೆ ಹೋಗಿದ್ದೆ. ತಕ್ಕಡಿಯ ಪಕ್ಕ ಹಳೆಯ ಕುಕ್ಕರು, ಕಿಟಕಿ ಚೌಕಟ್ಟುಗಳ ರಾಶಿಯಲ್ಲಿ ಪರಿಚಯದ ಆಕಾರವೊಂದು ಕಣ್ಣಿಗೆ ಬಿತ್ತು. ಎತ್ತಿ, ಧೂಳು ಒರೆಸಿ ನೋಡಿದೆ. ಬೇರಿಂಗ್ ಕೂರುವ ಬೋರಿನ, ಅಂದರೆ ದುಂಡು ತೂತಿನ, ಕೆಳಗೆ ನಮ್ಮ ಹುಡುಗ ಪಂಚ್ ಮಾಡಿದ್ದ ನಂಬರು ಹಾಗೇ ಇತ್ತು. ಹಿಂದಿನ ಎಡ ಚಕ್ರದ ಅಪ್‌ರೈಟು. ಚಕ್ರದ ಬೇರಿಂಗನ್ನು ಹಿಡಿದುಕೊಂಡು, ಮೇಲಿನ ಮತ್ತು ಕೆಳಗಿನ ಆರ್ಮ್‌ಗಳ ಮೂಲಕ ಚಕ್ರವನ್ನು ಚಾಸಿಸ್‌ಗೆ, ಅಂದರೆ ಕಾರಿನ ಚೌಕಟ್ಟಿಗೆ, ಜೋಡಿಸುವ ಭಾಗ ಅದು. ನಾಲ್ಕೂವರೆ ಕೆಜಿಯ, 7075 ಎಂಬ ಗಟ್ಟಿ ದರ್ಜೆಯ ಅಲ್ಯೂಮಿನಿಯಂ ದಿಮ್ಮಿಯನ್ನು ಆರು ಗಂಟೆ ಕೆತ್ತಿ 700 ಗ್ರಾಂಗೆ ಇಳಿಸಿದ್ದೆವು. ಆ ರಾತ್ರಿ ಮಷಿನ್ ಪಕ್ಕ ಮೂವರು ಮಕ್ಕಳು ನಿದ್ದೆಗೆಟ್ಟು ನಿಂತಿದ್ದರು. ಬೋರಿನ ಅಳತೆ ಸರಿಯಾಗಿ ಕೂತಾಗ ಒಬ್ಬ ಹುಡುಗ ಬೇರಿಂಗನ್ನು ಕೈಯಲ್ಲಿ ಹಿಡಿದು, ದೇವರ ಮುಂದೆ ಇಟ್ಟ ಹಾಗೆ ಮೇಜಿನ ಮೇಲೆ ಇಟ್ಟಿದ್ದ.

ರಾಶಿಯ ಆಚೆ ಅದೇ ಕಾರಿನ ಪೈಪು ಚೌಕಟ್ಟು ಗ್ಯಾಸ್ ಕಟರಿನಲ್ಲಿ ನಾಲ್ಕು ತುಂಡಾಗಿ ಬಿದ್ದಿತ್ತು. ವೆಲ್ಡಿಂಗ್ ಕೂಡುಗಳ ಮೇಲೆ ಮಕ್ಕಳು ಬಳಿದಿದ್ದ ನೀಲಿ ಬಣ್ಣ ಇನ್ನೂ ಮಾಸಿರಲಿಲ್ಲ. ಅಪ್‌ರೈಟನ್ನು ತೂಗಿಸಿ, 115 ರೂಪಾಯಿ ಕೊಟ್ಟು ತಂದುಕೊಂಡೆ. ಸಂಜೆ ಆ ತಂಡದ ಹಿಂದಿನ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಆ ಹುಡುಗಿ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ವಿಷಯ ಕೇಳಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ದು ಒಂದೇ: "ಅಂಕಲ್, ಮೋಲ್ಡುಗಳೂ ಹೋದ್ವಾ?"

ಮೋಲ್ಡುಗಳೂ ಹೋಗಿದ್ದವು. ವಿಚಾರಿಸಿದಾಗ ತಿಳಿದದ್ದು ಇಷ್ಟು. ಪರೀಕ್ಷೆ ಮುಗಿದು ರಜೆ ಶುರುವಾದ ವಾರ, ಕಾಲೇಜಿನ ಹಿಂಭಾಗದ ಆ ಶೆಡ್ಡನ್ನು ಹೊಸ ಕಂಪ್ಯೂಟರ್ ಲ್ಯಾಬಿಗೆ ಕೊಡಲಾಯಿತು. ಎರಡು ದಿನದಲ್ಲಿ ಸಾಮಾನು ತೆಗೆಯಿರಿ ಎಂದು ಮಕ್ಕಳಿಗೆ ಮೊಬೈಲಿನಲ್ಲಿ ಸಂದೇಶ ಹೋಯಿತು. ಅರ್ಧ ಜನ ಹಾಸನ, ಶಿವಮೊಗ್ಗ, ಕಲಬುರಗಿ ಎಂದು ಊರಿಗೆ ಹೋಗಿದ್ದರು. ಮೂರನೇ ದಿನ ಗುಜರಿಯವನ ಗಾಡಿ ಬಂತು. ಮೂರು ವರ್ಷದ ದುಡಿಮೆಯ ಎರಡು ಕಾರು, ಮುಂಭಾಗದ ಮೂಗನ್ನು ಫೈಬರಿನಲ್ಲಿ ಅಚ್ಚು ತೆಗೆಯುವ ಮೋಲ್ಡು, ಚೌಕಟ್ಟು ಬೆಸೆಯುವ ಫಿಕ್ಸ್ಚರು, ಗೋಡೆಗೆ ಅಂಟಿಸಿದ್ದ ಡ್ರಾಯಿಂಗುಗಳು ಎಲ್ಲವೂ ಹೋದವು. ನಾನು ಕೇಳಿದ್ದಕ್ಕೆ ಅಲ್ಲಿನ ಹಿರಿಯರೊಬ್ಬರು ಮರ್ಯಾದೆಯಿಂದಲೇ ಹೇಳಿದರು: "ಗೆದ್ದಿರಲಿಲ್ಲವಲ್ಲ ಸ್ವಾಮಿ, ಹಳೇ ಕಾರು ಇಟ್ಟುಕೊಂಡು ಏನು ಮಾಡೋದು?"

ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಈ ಪತ್ರ.

ಫಾರ್ಮುಲಾ ಒನ್ ಎಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವವನು ಡ್ರೈವರು. 1950ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗ ಪಟ್ಟ ಇದ್ದದ್ದೂ ಡ್ರೈವರಿಗೆ ಮಾತ್ರ. 1958ರಲ್ಲಿ ಕಾರು ಕಟ್ಟುವವರಿಗೆ, ಅಂದರೆ ಕನ್‌ಸ್ಟ್ರಕ್ಟರುಗಳಿಗೆ, ಬೇರೆಯದೇ ಒಂದು ಪಟ್ಟ ಬಂತು. ಮೊದಲ ವರ್ಷ ಅದನ್ನು ಗೆದ್ದದ್ದು ವ್ಯಾನ್‌ವಾಲ್ ಎಂಬ ಇಂಗ್ಲಿಷ್ ತಂಡ. ಅದರ ಯಜಮಾನ ಟೋನಿ ವ್ಯಾಂಡರ್‌ವೆಲ್ ಇಂಜಿನ್ ಬೇರಿಂಗ್ ತಯಾರಿಸುತ್ತಿದ್ದ ಕಾರ್ಖಾನೆಯವರು. ನಮ್ಮಂಥವರ ಕಸುಬಿನವರು ಎಂದು ಓದಿದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಂದು ಶಾಪಿನಲ್ಲಿ ಎಲ್ಲರಿಗೂ ಹೇಳಿದೆ. ಇವತ್ತಿಗೂ ತಂಡದ ಎರಡು ಕಾರುಗಳ ಅಂಕ ಕೂಡಿಸಿ ಈ ಪಟ್ಟ ಕೊಡುತ್ತಾರೆ. ತಂಡಗಳಿಗೆ ಬಹುಮಾನದ ಹಣ ಹಂಚುವಾಗ ನೋಡುವುದೂ ಈ ಪಟ್ಟಿಯನ್ನೇ. ಇಂಜಿನ್ನು, ಗೇರ್‌ಬಾಕ್ಸು ಬೇರೆಯವರಿಂದ ಕೊಳ್ಳಬಹುದು. ಚಾಸಿಸ್ಸು ಮತ್ತು ಗಾಳಿಯನ್ನು ಸೀಳುವ ಮೈಭಾಗಗಳ ವಿನ್ಯಾಸ ಮಾತ್ರ ತಂಡದ್ದೇ ಆಗಿರಬೇಕು. ಇನ್ನೊಬ್ಬರ ಚಾಸಿಸ್ಸು ತಂದು ಮೇಲೆ ತಮ್ಮ ಬಣ್ಣ ಬಳಿದು ಓಡಿಸುವ ಹಾಗಿಲ್ಲ. ಮೋಟಾರು ರೇಸಿನ ಅತಿ ಎತ್ತರದ ಮೆಟ್ಟಿಲಲ್ಲಿ ಆಟದ ನಿಯಮವೇ ಇದು: ಕಟ್ಟುವವನಿಗೆ ಮಾತ್ರ ಪ್ರವೇಶ.

ಅವರೂ ಮೊದಲು ಶುರುಮಾಡಿದ್ದು ಶೆಡ್ಡಿನಲ್ಲೇ. ಕೆನ್ ಟೈರಲ್ ಎಂಬುವರದ್ದು ಇಂಗ್ಲೆಂಡಿನ ಸರ್‍ರೆಯಲ್ಲಿ ಮರದ ಡಿಪೋ. 1970ರಲ್ಲಿ ಅದೇ ಡಿಪೋದ ಶೆಡ್ಡಿನಲ್ಲಿ ಯಾರಿಗೂ ಹೇಳದೆ ತಮ್ಮ ಮೊದಲ ಫಾರ್ಮುಲಾ ಒನ್ ಕಾರು ಕಟ್ಟಿಸಿದರು. ಮರುವರ್ಷ ಆ ತಂಡ ಕನ್‌ಸ್ಟ್ರಕ್ಟರ್ ಚಾಂಪಿಯನ್ ಆಯಿತು. ಫ್ರ್ಯಾಂಕ್ ವಿಲಿಯಮ್ಸ್ 1977ರಲ್ಲಿ ತಂಡ ಕಟ್ಟಲು ಕೂತದ್ದು ಡಿಡ್‌ಕಾಟ್ ಎಂಬಲ್ಲಿ, ಮೊದಲು ಕಾರ್ಪೆಟ್ ಗೋದಾಮಾಗಿದ್ದ ಜಾಗದಲ್ಲಿ. ಮುಂದೆ ಆ ತಂಡ ಒಂಬತ್ತು ಬಾರಿ ಕನ್‌ಸ್ಟ್ರಕ್ಟರ್ ಪಟ್ಟ ಗೆದ್ದಿತು. ನಿಮ್ಮ ಕ್ಯಾಂಪಸ್ಸಿನ ಹಿಂದೆ ತಗಡಿನ ಸೂರಿನ ಕೆಳಗೆ ಇರುವ ಜಾಗವನ್ನು ಈ ಲೆಕ್ಕದಲ್ಲಿ ಒಮ್ಮೆ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ನಮ್ಮ ಊರಿಗೇ ಹತ್ತಿರದ ಕಥೆ. ಫೋರ್ಸ್ ಇಂಡಿಯಾ ತಂಡದ ಹೆಸರು ನಿಮಗೆ ನೆನಪಿರಬಹುದು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 2007ರಲ್ಲಿ ಪಾಲುದಾರರೊಡನೆ ಕೊಂಡ ತಂಡ. 2008ರಿಂದ ಅದು ಆ ಹೆಸರಲ್ಲಿ ಓಡಿತು. ಮೊದಲ ವರ್ಷ ಒಂದು ಅಂಕವೂ ಬರಲಿಲ್ಲ. 2009ರ ಆಗಸ್ಟ್ 30ರಂದು ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟು, ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವನಾಗಿ ಬಂದ. ಅವತ್ತು ನಮ್ಮ ಮನೆಯ ಟಿವಿ ಮುಂದೆ ನಾನೂ ನನ್ನ ಮಗನೂ ಎದ್ದು ನಿಂತೇ ಕೊನೆಯ ಸುತ್ತು ನೋಡಿದ್ದು. 2016 ಮತ್ತು 2017ರಲ್ಲಿ ಆ ತಂಡ ಕನ್‌ಸ್ಟ್ರಕ್ಟರ್ ಪಟ್ಟಿಯಲ್ಲಿ ನಾಲ್ಕನೆಯದು.

ಆದರೆ ಕಾರು ಹುಟ್ಟುತ್ತಿದ್ದದ್ದು ಎಲ್ಲಿ? ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. 1991ರಲ್ಲಿ ಎಡ್ಡಿ ಜೋರ್ಡನ್ ತನ್ನ ಹೆಸರಿನ ತಂಡದೊಡನೆ ಫಾರ್ಮುಲಾ ಒನ್‌ಗೆ ಬಂದದ್ದು ಅಲ್ಲಿಂದ. 2005ರಲ್ಲಿ ನಮ್ಮ ದೇಶದ ಮೊದಲ ಫಾರ್ಮುಲಾ ಒನ್ ಡ್ರೈವರ್ ನರೈನ್ ಕಾರ್ತಿಕೇಯನ್ ಕೂತದ್ದೂ ಜೋರ್ಡನ್ ಕಾರಿನಲ್ಲೇ. 2006ರಲ್ಲಿ ಅದೇ ತಂಡ ಮಿಡ್‌ಲ್ಯಾಂಡ್ ಆಯಿತು, 2007ರಲ್ಲಿ ಸ್ಪೈಕರ್, 2008ರಲ್ಲಿ ಫೋರ್ಸ್ ಇಂಡಿಯಾ. ಬಾಗಿಲ ಮೇಲಿನ ಬೋರ್ಡು ಬದಲಾಗುತ್ತಾ ಹೋಯಿತು, ಒಳಗಿನ ಕೆಲಸ ನಿಲ್ಲಲಿಲ್ಲ.

2018ರ ಜುಲೈನಲ್ಲಿ, ಹಂಗೇರಿಯ ರೇಸಿನ ವಾರದಲ್ಲೇ, ಸಾಲದ ಭಾರಕ್ಕೆ ತಂಡದ ಆಡಳಿತ ಲಂಡನ್ ಕೋರ್ಟಿನ ಮೂಲಕ ಬೇರೆಯವರ ಕೈಗೆ ಹೋಯಿತು. ಸುಮಾರು 400 ಜನರ ಕೆಲಸ ತೂಗುಯ್ಯಾಲೆಯಲ್ಲಿತ್ತು. ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಮತ್ತವರ ಜೊತೆಯವರು ಕೊಂಡರು. ಹೊಸ ತಂಡವೆಂದು ಲೆಕ್ಕವಾದ್ದರಿಂದ ಅಲ್ಲಿಯವರೆಗೆ ಗಳಿಸಿದ್ದ 59 ಅಂಕಗಳೂ ಅಳಿಸಿಹೋದವು. ಸೊನ್ನೆಯಿಂದ ಶುರು. ಮುಂದಿನ ರೇಸು ಅದೇ ಸ್ಪಾದಲ್ಲಿ. ಆ ಎರಡು ಕಾರುಗಳು ಮೂರನೇ ಮತ್ತು ನಾಲ್ಕನೇ ಸ್ಥಾನದಿಂದ ಹೊರಟು, ಐದು ಮತ್ತು ಆರನೆಯದಾಗಿ ಗುರಿ ಮುಟ್ಟಿದವು. ಯಜಮಾನ ಬದಲಾಗಿದ್ದ, ಅಂಕ ಸೊನ್ನೆಯಾಗಿತ್ತು. ಕಟ್ಟಿದ ಕೈಗಳು ಮಾತ್ರ ಅವೇ, ಮೋಲ್ಡುಗಳು ಅವೇ, ಡ್ರಾಯಿಂಗುಗಳು ಅವೇ. 2020ರ ಡಿಸೆಂಬರಿನಲ್ಲಿ ರೇಸಿಂಗ್ ಪಾಯಿಂಟ್ ಎಂಬ ಹೆಸರಿನಲ್ಲಿ ಆ ತಂಡ ಸಖೀರ್ ಗ್ರ್ಯಾನ್ ಪ್ರಿ ಗೆದ್ದಿತು. ಮೊದಲ ಸುತ್ತಿನಲ್ಲೇ ಡಿಕ್ಕಿಯಾಗಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಸೆರ್ಜಿಯೊ ಪೆರೆಜ್ ಗೆದ್ದ ರೇಸು ಅದು. ಆ ತಂಡಕ್ಕೆ ಅದರ ಹಿಂದಿನ ಗೆಲುವು ಸಿಕ್ಕಿದ್ದು 2003ರಲ್ಲಿ, ಜೋರ್ಡನ್ ಎಂದು ಕರೆಸಿಕೊಳ್ಳುತ್ತಿದ್ದಾಗ. ಈಗ ಅದು ಆಸ್ಟನ್ ಮಾರ್ಟಿನ್.

ಮಾನ್ಯರೇ, ಹದಿನೇಳು ವರ್ಷ ಗೆಲುವಿಲ್ಲದ ಶೆಡ್ಡು ಅದು. "ಗೆದ್ದಿರಲಿಲ್ಲವಲ್ಲ" ಎಂದು ಯಾರಾದರೂ ನಡುವೆ ಗುಜರಿಯವನನ್ನು ಕರೆಸಿದ್ದರೆ ಏನಾಗುತ್ತಿತ್ತು ಯೋಚಿಸಿ. ಹೋಂಡಾದವರು 2008ರ ಡಿಸೆಂಬರಿನಲ್ಲಿ ಇನ್ನು ಫಾರ್ಮುಲಾ ಒನ್ ಬೇಡ ಎಂದು ಹೊರಟಾಗಲೂ ಹೀಗೇ. ಇಂಗ್ಲೆಂಡಿನ ಬ್ರ್ಯಾಕ್ಲಿಯಲ್ಲಿದ್ದ ಆ ತಂಡವನ್ನು ಅದರ ಮುಖ್ಯಸ್ಥರಾಗಿದ್ದ ರಾಸ್ ಬ್ರಾನ್ ಒಂದು ಪೌಂಡಿಗೆ ಕೊಂಡರು. ವರ್ಷವಿಡೀ ಕೂತು ವಿನ್ಯಾಸ ಮಾಡಿದ್ದ ಕಾರು ಆಗಲೇ ಕೈಯಲ್ಲಿತ್ತು. 2009ರಲ್ಲಿ ಎರಡೂ ಪಟ್ಟ ಅವರದ್ದಾಯಿತು. ಮರುವರ್ಷ ಅದೇ ಮರ್ಸಿಡಿಸ್ ಆಗಿ, 2014ರಿಂದ 2021ರವರೆಗೆ ಸತತ ಎಂಟು ಬಾರಿ ಕನ್‌ಸ್ಟ್ರಕ್ಟರ್ ಪಟ್ಟ ಗೆದ್ದಿತು. ಹಣ ಇದ್ದರೆ ಸಾಕು ಎನ್ನುವವರಿಗೆ ಟೊಯೋಟಾದ ಉದಾಹರಣೆ ಇದೆ: 2002ರಿಂದ 2009ರವರೆಗೆ ಎಂಟು ವರ್ಷ ಹಣ ಸುರಿದರೂ ಒಂದು ರೇಸೂ ಗೆಲ್ಲಲಿಲ್ಲ.

ಕಾಲೇಜಿನ ಕಾರಿಗೂ ಫಾರ್ಮುಲಾ ಒನ್‌ಗೂ ಎಲ್ಲಿಯ ಹೋಲಿಕೆ ಎಂದು ನೀವು ಕೇಳಬಹುದು. ವೇಗದಲ್ಲಿ, ಹಣದಲ್ಲಿ ಹೋಲಿಕೆ ಇಲ್ಲ, ಒಪ್ಪಿದೆ. ಕ್ರಮದಲ್ಲಿ ಇದೆ. ಕೊಯಮತ್ತೂರಿನ ಕರಿ ಎಂಬ ಹೆಸರಿನ ರೇಸ್ ಟ್ರ್ಯಾಕಿನಲ್ಲಿ ನಡೆಯುವ ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗೆ ನಿಮ್ಮ ಮಕ್ಕಳ ಜೊತೆ ಒಮ್ಮೆ ಹೋಗಿದ್ದೆ. ಅಲ್ಲಿ ಕಾರು ಓಡುವ ಮೊದಲೇ ತೀರ್ಪುಗಾರರು ಕಾರಿನ ಸುತ್ತ ಕೂರುತ್ತಾರೆ. "ಈ ಆರ್ಮು ಇಷ್ಟೇ ಉದ್ದ ಯಾಕೆ? ಈ ಪೈಪಿನ ಗೋಡೆ ಇಷ್ಟೇ ದಪ್ಪ ಯಾಕೆ?" ಎಂದು ಒಂದೊಂದಾಗಿ ಕೇಳುತ್ತಾರೆ. ಡಿಸೈನಿಗೆ ಬೇರೆ ಅಂಕ, ಖರ್ಚಿನ ಲೆಕ್ಕಕ್ಕೆ ಬೇರೆ ಅಂಕ. ಆಮೇಲೆ ಕೊನೆಗೆ ಸುಮಾರು 22 ಕಿಲೋಮೀಟರಿನ ಓಟ, ನಡುವೆ ಡ್ರೈವರ್ ಬದಲಾಯಿಸಬೇಕು. ನಮ್ಮ ಮಕ್ಕಳ ಕಾರು ಆ ಓಟದ ಅರ್ಧದಲ್ಲಿ ನಿಂತಿತು. ಒಂದು ಚೈನಿನ ಟೆನ್ಷನರ್ ಬೋಲ್ಟು ಸಡಿಲವಾಗಿತ್ತು. ಆಗ ಕ್ಯಾಪ್ಟನ್ ಆಗಿದ್ದ, ಈಗ ಪುಣೆಯಲ್ಲಿರುವ ಆ ಹುಡುಗಿ ಅಳಲಿಲ್ಲ, ಚೀಲದಿಂದ ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಬರೆದುಕೊಂಡಳು.

ಆ ನೋಟ್‌ಬುಕ್ಕಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಮೊದಲ ವರ್ಷ ನನ್ನ ಹತ್ತಿರ ಬಂದ ಮಕ್ಕಳು ತಂದ ಡ್ರಾಯಿಂಗಿನಲ್ಲಿ ಎಲ್ಲ ಅಳತೆಗೂ ಹತ್ತು ಮೈಕ್ರಾನಿನ ಟಾಲರೆನ್ಸ್ ಬರೆದಿತ್ತು, ಅಂದರೆ ಅಳತೆ ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಹೆಚ್ಚು ತಪ್ಪುವಂತಿಲ್ಲ. ಬೇರಿಂಗ್ ಬೋರಿಗೆ ಅಷ್ಟು ಬಿಗಿ ಬೇಕು. ಹೊರಗಿನ ಅಂಚಿಗೆ ಯಾಕೆ? ಅಷ್ಟು ಬಿಗಿ ಕೇಳಿದರೆ ಮಷಿನ್ ಗಂಟೆ ಮೂರು ಪಟ್ಟಾಗುತ್ತದೆ, ದುಡ್ಡೂ ಹಾಗೇ. ಕೂರಿಸಿ, ಮೈಕ್ರೋಮೀಟರು ಕೈಗೆ ಕೊಟ್ಟು, ಯಾವ ಮೇಲ್ಮೈ ಯಾವುದರ ಜೊತೆ ಕೂಡುತ್ತದೆ ಎಂದು ತೋರಿಸಿದೆ. ತಿದ್ದಿಕೊಂಡು ಹೋದರು. ಮರುವರ್ಷ ಅದೇ ಕಾಲೇಜಿನಿಂದ ಹೊಸ ಮಕ್ಕಳು ಬಂದರು. ಅದೇ ಡ್ರಾಯಿಂಗು, ಅದೇ ಹತ್ತು ಮೈಕ್ರಾನು. ಹಿಂದಿನವರು ಕೆಲಸಕ್ಕೆ ಹೋಗಿದ್ದರು, ತಿದ್ದಿದ ಫೈಲು ಅವರ ಲ್ಯಾಪ್‌ಟಾಪಿನಲ್ಲೇ ಹೋಗಿತ್ತು. ಮೂರನೇ ವರ್ಷವೂ ಇದೇ ಆದಾಗ ನನಗೆ ಸಿಟ್ಟು ಬಂತು, ಮಕ್ಕಳ ಮೇಲೆ ರೇಗಿದೆ. ತಪ್ಪು ಅವರದ್ದಾಗಿರಲಿಲ್ಲ. ಒಬ್ಬರಿಂದ ಒಬ್ಬರಿಗೆ ಕೆಲಸ ದಾಟಿಸಲು ಅವರಿಗೆ ಜಾಗವೇ ಇರಲಿಲ್ಲ, ಹೇಳುವ ಹಿರಿಯರೂ ಇರಲಿಲ್ಲ.

ಈ ಹುಡುಗಿ ಬಂದ ಮೇಲೆ ಎಲ್ಲ ತಪ್ಪನ್ನೂ ಬರೆದಿಟ್ಟಳು. ಯಾವ ಬೋಲ್ಟು ಸಡಿಲವಾಯಿತು, ಯಾವ ವೆಲ್ಡು ಬಿರುಕು ಬಿಟ್ಟಿತು, ಯಾವ ಅಂಗಡಿಯ ಪೈಪು ಹೇಳಿದ ದಪ್ಪಕ್ಕೆ ಇರಲಿಲ್ಲ, ಪೀಣ್ಯದ ಅಂಕಲ್ ಏನೆಂದು ಬೈದರು, ಎಲ್ಲವೂ ಅದರಲ್ಲಿತ್ತು. ವಿಮಾನಪುರದ ಕಡೆಯ ನಿವೃತ್ತ ತಂತ್ರಜ್ಞರೊಬ್ಬರು ಭಾನುವಾರ ಬಂದು, ಫೈಬರ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ರಾಳ ಸವರಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಒಳಗಿನ ಗಾಳಿ ಎಳೆದುಹಾಕುವುದನ್ನು ಕಲಿಸಿದರು. ಪದರದ ನಡುವೆ ಗುಳ್ಳೆ ಉಳಿದರೆ ಅಲ್ಲಿಂದಲೇ ಒಡೆಯುತ್ತದೆ ಎಂದು ಅವರು ಹೆಬ್ಬೆರಳಿನಿಂದ ಒತ್ತಿ ತೋರಿಸಿದ್ದನ್ನೂ ಅವಳು ಚಿತ್ರ ಬಿಡಿಸಿ ಬರೆದುಕೊಂಡಿದ್ದಳು. ಮುಂದಿನ ವರ್ಷದ ಕಾರು 22 ಕಿಲೋಮೀಟರನ್ನೂ ಓಡಿತು. ಬಹುಮಾನ ಬರಲಿಲ್ಲ. ಆದರೆ ಓಡಿತು. ಗುಜರಿಯಲ್ಲಿ ನಾಲ್ಕು ತುಂಡಾಗಿ ಬಿದ್ದಿದ್ದದ್ದು ಆ ಕಾರು.

ನೋಟ್‌ಬುಕ್ಕು ಸಿಕ್ಕಿಲ್ಲ.

ಇನ್ನೊಂದು ಮಾತು. ಇತ್ತೀಚೆಗೆ ಕೆಲವು ಕಡೆ, ಮಕ್ಕಳಿಗೆ ಯಾಕೆ ಕಷ್ಟ, ರೆಡಿಮೇಡ್ ಭಾಗಗಳನ್ನು ಕೊಂಡು ಜೋಡಿಸಲಿ ಎಂಬ ಮಾತು ಕೇಳುತ್ತಿದ್ದೇನೆ. 2020ರಲ್ಲಿ ಅದೇ ಸಿಲ್ವರ್‌ಸ್ಟೋನ್ ತಂಡಕ್ಕೆ ಏನಾಯಿತೆಂದು ಗಮನಿಸಿ. ಹಿಂದಿನ ಚಕ್ರದ ಬ್ರೇಕಿಗೆ ಗಾಳಿ ಹಾಯಿಸುವ ಡಕ್ಟಿನ ವಿನ್ಯಾಸ ಅವರದ್ದಲ್ಲ, ಮರ್ಸಿಡಿಸ್‌ನ ಹಿಂದಿನ ವರ್ಷದ ಕಾರಿನದ್ದು ಎಂದು ತೀರ್ಮಾನವಾಗಿ 15 ಅಂಕ ಕಿತ್ತುಕೊಂಡರು, 4 ಲಕ್ಷ ಯೂರೋ ದಂಡ ಹಾಕಿದರು. ವರ್ಷದ ಕೊನೆಗೆ ರೇಸಿಂಗ್ ಪಾಯಿಂಟ್ 195 ಅಂಕಕ್ಕೆ ನಿಂತು ನಾಲ್ಕನೆಯದಾಯಿತು. 202 ಅಂಕದ ಮೆಕ್ಲಾರೆನ್ ಮೂರನೆಯದು. ಆ 15 ಅಂಕ ಉಳಿದಿದ್ದರೆ ಸ್ಥಾನ ಅದಲುಬದಲಾಗುತ್ತಿತ್ತು. ಒಂದು ಡಕ್ಟು! ಸ್ವಂತ ತಲೆ ಓಡಿಸಿದ್ದೀಯಾ ಇಲ್ಲವಾ ಎಂಬುದನ್ನು ಆ ಮಟ್ಟದಲ್ಲಿ ಅಷ್ಟು ಗಂಭೀರವಾಗಿ ನೋಡುತ್ತಾರೆ. ನಮ್ಮ ಮಕ್ಕಳಿಗೆ ಕಲಿಯುವ ವಯಸ್ಸಿನಲ್ಲೇ ಕೊಂಡು ತರುವುದನ್ನು ಅಭ್ಯಾಸ ಮಾಡಿಸುವುದು ಬೇಡ.

ಈ ಊರಿಗೆ ಏನು ಕೊರತೆ ಇದೆ ಹೇಳಿ? 1940ರಲ್ಲಿ ಶುರುವಾದ, ವಿಮಾನ ಕಟ್ಟುವ ಎಚ್‌ಎಎಲ್ ಇಲ್ಲಿದೆ. ವಿಮಾನ ಸಂಶೋಧನೆಯ ಎನ್‌ಎಎಲ್‌ನಲ್ಲಿ ಗಾಳಿ ಹಾಯಿಸಿ ಮಾದರಿಗಳನ್ನು ಪರೀಕ್ಷಿಸುವ ವಿಂಡ್ ಟನಲ್ ಇದೆ. ಕಾರ್ಬನ್ ಫೈಬರಿನ ರೆಕ್ಕೆ ಹೊತ್ತ ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಮೊದಲು ಹಾರಿದ್ದು ಇದೇ ಬೆಂಗಳೂರಿನ ಆಕಾಶದಲ್ಲಿ. ಫಾರ್ಮುಲಾ ಒನ್‌ಗೆ ಕಾರ್ಬನ್ ಫೈಬರ್ ಚಾಸಿಸ್ ತಂದ 1981ರ ಮೆಕ್ಲಾರೆನ್ ಕಾರನ್ನು ವಿನ್ಯಾಸ ಮಾಡಿದ ಜಾನ್ ಬರ್ನಾರ್ಡ್, ಅದನ್ನು ಮಾಡಿಸಲು ಹೋದದ್ದು ಅಮೆರಿಕದ ಯೂಟಾದ ಹರ್ಕ್ಯುಲಿಸ್ ಎಂಬ ಏರೋಸ್ಪೇಸ್ ಕಂಪನಿಗೆ. ರೇಸಿಂಗಿನವರು ವಿಮಾನದವರ ಬಾಗಿಲು ತಟ್ಟಿದರು. ನಮ್ಮಲ್ಲಿ ಆ ಬಾಗಿಲು ಸಿಟಿ ಬಸ್ಸಿನ ದೂರದಲ್ಲಿದೆ. ಪೀಣ್ಯದಲ್ಲಿ ಗೇರು ಕಡಿಯುವವರು, ಹೀಟ್ ಟ್ರೀಟ್‌ಮೆಂಟ್ ಮಾಡುವವರು, ಗ್ರೈಂಡಿಂಗಿನವರು ಒಂದೇ ಸಾಲಿನಲ್ಲಿ ಸಿಗುತ್ತಾರೆ. ಪೆಟ್ರೋಲ್ ಕಾಲ ಮುಗಿಯಿತು ಎನ್ನುವವರಿಗೆ, ಫಾರ್ಮುಲಾ ಒನ್‌ನ 2026ರ ನಿಯಮದಲ್ಲೂ ಸುಮಾರು ಅರ್ಧ ಶಕ್ತಿ ವಿದ್ಯುತ್ತಿನಿಂದಲೇ ಬರಬೇಕು. ವಿದ್ಯಾರ್ಥಿಗಳ ಸ್ಪರ್ಧೆಯಲ್ಲೂ ಎಲೆಕ್ಟ್ರಿಕ್ ಕಾರುಗಳ ವಿಭಾಗ ಇದೆ. ರೇವಾ ಎಂಬ ಎಲೆಕ್ಟ್ರಿಕ್ ಕಾರು 2001ರಲ್ಲೇ ರಸ್ತೆಗಿಳಿದ ಊರು ನಮ್ಮದು.

2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂ ಸ್ಪ್ರಿಂಟ್ ರೇಸು ಗೆದ್ದಾಗ ಶಾಪಿನಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದೆ. ಆ ಸರಣಿಯಲ್ಲಿ ಎಲ್ಲ ತಂಡಗಳದ್ದೂ ಇಟಲಿಯ ದಲ್ಲಾರಾ ಕಟ್ಟಿದ ಒಂದೇ ಥರದ ಚಾಸಿಸ್. ಕಾರು ಓಡಿಸುವವರನ್ನು ಈ ಊರು ಅಲ್ಲಿಯವರೆಗೆ ಕಳಿಸಿದೆ. ಕಟ್ಟುವವರನ್ನೂ ಕಳಿಸಬಲ್ಲದು ಎಂದು ನಾನು ಪೂರ್ತಿ ನಂಬಿದ್ದೇನೆ. ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಕಾರು ಕಟ್ಟಿಕೊಂಡು ಬಂದಿದೆ. ಒಂದು ತಂಡ ಇಪ್ಪತ್ತು ವರ್ಷ ಬದುಕಬಲ್ಲದು ಎಂಬುದಕ್ಕೆ ಬೇರೆ ಊರಿನ ಸಾಕ್ಷಿ ಬೇಕಿಲ್ಲ.

ಹಾಗಾಗಿ ನನ್ನ ವಿನಂತಿಗಳು ಇವು. ಕಾರು ಕಟ್ಟುವ ಜಾಗವನ್ನು ಲ್ಯಾಬ್ ಎಂದೇ ದಾಖಲೆಯಲ್ಲಿ ಬರೆಯಿರಿ. ಆಗ ರಜೆಯಲ್ಲಿ ಯಾರೂ ಅದನ್ನು ಖಾಲಿ ಜಾಗವೆಂದು ತಿಳಿಯುವುದಿಲ್ಲ. ಅನಿವಾರ್ಯವಾಗಿ ಜಾಗ ಬದಲಿಸಬೇಕಾದರೆ ಒಂದು ಸೆಮಿಸ್ಟರ್ ಮೊದಲೇ ತಿಳಿಸಿ, ಬದಲಿ ಜಾಗ ತೋರಿಸಿ. ಹಳೆಯ ಕಾರುಗಳಲ್ಲಿ ಕಡೇ ಪಕ್ಷ ಹಿಂದಿನ ವರ್ಷದ್ದನ್ನು ಬಿಚ್ಚದೆ ಉಳಿಸಿ. ಹೊಸ ಮಕ್ಕಳು ಕೈಯಲ್ಲಿ ಮುಟ್ಟಿ ಕಲಿಯುವ ಪಾಠಪುಸ್ತಕ ಅದು. ಮೋಲ್ಡು, ಫಿಕ್ಸ್ಚರುಗಳಿಗೆ ಸ್ಟೋರಿನಲ್ಲಿ ರಿಜಿಸ್ಟರ್ ಇಡಿ. ವಿಭಾಗದ ಸಹಿ ಇಲ್ಲದೆ ಒಂದು ಬೋಲ್ಟೂ ಗುಜರಿಗೆ ಹೋಗಬಾರದು.

ಡ್ರಾಯಿಂಗುಗಳು ಮಕ್ಕಳ ಲ್ಯಾಪ್‌ಟಾಪಿನಲ್ಲಿ ಉಳಿಯುವುದನ್ನು ನಿಲ್ಲಿಸಿ. ಕಾಲೇಜಿನ ಸರ್ವರಿನಲ್ಲಿ ಜಾಗ ಕೊಡಿ. ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟ್ ಅಂಕ ಪಡೆಯುವ ಮೊದಲು, ತಾವು ಮಾಡಿದ ತಪ್ಪುಗಳ ಪುಸ್ತಕವೊಂದನ್ನು ಕಿರಿಯರಿಗೆ ಒಪ್ಪಿಸಿ, ಅವರೆದುರು ಕೂತು ವಿವರಿಸಲಿ. ಅದಕ್ಕೆ ಅಂಕ ಕೊಡಿ. ಸ್ಪರ್ಧೆಗೆ ಹೋದ ದಿನಗಳನ್ನು ಗೈರುಹಾಜರಿ ಎಂದು ಬರೆದು, ಹಾಜರಿ ಶೇ 85 ಮುಟ್ಟಲಿಲ್ಲವೆಂದು ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆದರಿಸುವುದು ಬೇಡ. ಸಂಜೆ ಐದಕ್ಕೆ ಬೀಗ ಹಾಕಿದರೆ ಕಾರು ಕಟ್ಟಲಾಗುವುದಿಲ್ಲ. ವರ್ಕ್‌ಶಾಪಿನ ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರಿಗೆ ಓವರ್‌ಟೈಮ್ ಕೊಟ್ಟು ರಾತ್ರಿ ಒಂಬತ್ತರವರೆಗೆ ಇರಿಸಿ. ಮಕ್ಕಳೊಂದಿಗೆ ಅವರು ಇರುವುದೇ ದೊಡ್ಡ ಸುರಕ್ಷತೆ. ಗ್ರೈಂಡರಿನ ಮುಂದೆ ಕನ್ನಡಕವಿಲ್ಲದೆ ಕೂತ ಹುಡುಗನನ್ನು ಒಮ್ಮೆ ನಾನೇ ಎಬ್ಬಿಸಿದ್ದೇನೆ.

ಕೊನೆಯದಾಗಿ ಬಿಲ್ಲುಗಳು. ನಮ್ಮಂಥ ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಸಂದಾಯವಾಗಬೇಕೆಂದು ಕಾನೂನಿದೆ. ಒಂದು ಕಾಲೇಜಿನಿಂದ ನನಗೆ ಹನ್ನೊಂದು ತಿಂಗಳಾದ ಮೇಲೆ ಬಂತು, ಅದೂ ಮಕ್ಕಳು ಅಕೌಂಟ್ಸ್ ಸೆಕ್ಷನ್ನಿಗೆ ಹತ್ತು ಸಲ ಅಲೆದ ಮೇಲೆ. ನನಗೆ ಆ ಹಣಕ್ಕಿಂತ ಆ ಅಲೆದಾಟ ಬೇಸರ ತಂದಿತು. ಓದುವ ಮಕ್ಕಳು, ಒಳ್ಳೆಯ ಕೆಲಸ ಮಾಡಿಸಿಕೊಂಡ ಅಂಗಡಿಯ ಮುಂದೆ ತಲೆ ತಗ್ಗಿಸಿ ನಿಲ್ಲುವ ಹಾಗಾಗಬಾರದು.

ಆ ಅಪ್‌ರೈಟು ನನ್ನ ಮೇಜಿನ ಮೇಲಿದೆ. ಬೋರು ಅಳೆದು ನೋಡಿದೆ, ಅಳತೆ ಕೆಟ್ಟಿಲ್ಲ, ಹೊಸ ಬೇರಿಂಗ್ ಹಾಕಿದರೆ ಇನ್ನೊಂದು ಕಾರಿಗೆ ಕೂರುತ್ತದೆ. ಅದರ ಪ್ರೋಗ್ರಾಂ ನಮ್ಮ ವಿಎಂಸಿಯಲ್ಲಿ ಇನ್ನೂ ಉಳಿದಿದೆ, ಉಳಿದ ಮೂರನ್ನೂ ಮಾಡಿಕೊಡಬಲ್ಲೆ. ಆ ಕಾಲೇಜಿನ ಹೊಸ ಮಕ್ಕಳು ಬಂದರೆ ವಸ್ತುವಿನ ದುಡ್ಡಷ್ಟೇ ಸಾಕು, ಮಷಿನ್ ಗಂಟೆಗೆ ನಾನು ಕೇಳುವುದಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಶಾಪು ಬಿಡುವಾಗಿರುತ್ತದೆ. ಅವರಿಗೆ ಒಂದು ಶೆಡ್ಡು ಕೊಟ್ಟು ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಮಷಿನ್ ಶಾಪ್ ಮಾಲೀಕ
ಬೆಂಗಳೂರು